ವೇದಿಕೆಯ ಮೇಲಿನ ಮಗು, ವೇದಿಕೆಯ ಹಿಂದಿನ ಜನ

ನುಡಿದಂತೆ ಬರೆಯುವ, ಬರೆದಂತೆ ಓದುವ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ನಮಗೆ, ಪದವೊಂದರ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವುದನ್ನೇ ಪಂದ್ಯವನ್ನಾಗಿ ಏರ್ಪಡಿಸುವರೆಂದರೆ, ಅದನ್ನು ನೋಡಲು ಸಭೆ ನೆರೆಯುವುದೆಂದರೆ, ಮೊದಲಿಗೆ ವಿಚಿತ್ರವೆನಿಸೀತು. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿಯೂ ಶಕಾರ ಷಕಾರಗಳಲ್ಲಿಯೂ ನಮ್ಮ ಮಕ್ಕಳು ಎಡವುವುದುಂಟಾದರೂ, ಉಕ್ತಲೇಖನದ ಹಲಗೆಯನ್ನು ಮೇಷ್ಟರಿಗೆ ತೋರಿಸಿ ಕಿವಿ ಹಿಂಡಿಸಿಕೊಂಡಲ್ಲಿಗೆ ಆ ಪ್ರಕರಣ ಮುಗಿಯುತ್ತದೆ. ಇಂಗ್ಲಿಷಿನ ಪಾಡು ಬೇರೆ. ಲ್ಯಾಟಿನ್, ಗ್ರೀಕ್, ಫ್ರೆಂಚ್, ಜರ್ಮನ್ ಮೊದಲಾದ ಹಲವು ಭಾಷೆಗಳಿಂದ ಪದಗಳನ್ನು ಅವುಗಳ ಬರವಣಿಗೆಯ ವೇಷಭೂಷಣ ಸಮೇತವಾಗಿಯೇ ಬರಮಾಡಿಕೊಂಡು, ಕಾಲಕ್ರಮದಲ್ಲಿ ಉಚ್ಚಾರಣೆಯನ್ನು ಬದಲಿಸಿಯೂ ಬರವಣಿಗೆಯನ್ನು ಬದಲಿಸದೆ ಉಳಿಸಿಕೊಂಡು ಬಂದ ಆ ಭಾಷೆಯಲ್ಲಿ, ಕಿವಿಗೆ ಬಿದ್ದ ಪದವನ್ನು ಕಾಗದದ ಮೇಲೆ ಇಳಿಸುವುದು ವಿದ್ವಾಂಸರಿಗೂ ಒಮ್ಮೊಮ್ಮೆ ಸಂಕಟವೇ. ಈ ಸಂಕಟವನ್ನೇ ಅಮೆರಿಕದವರು ವಿನೋದವನ್ನಾಗಿಯೂ, ಅನಂತರ ರಾಷ್ಟ್ರೀಯ ಉತ್ಸವವನ್ನಾಗಿಯೂ ಮಾಡಿಕೊಂಡರು. ಅದಕ್ಕೆ ಸ್ಪೆಲ್ಲಿಂಗ್ ಬೀ ಎಂದು ಹೆಸರು.

ಈ ಪದ್ಧತಿಯನ್ನು ಕಥಾವಸ್ತುವಾಗಿ ಇಟ್ಟುಕೊಂಡು 2006ರಲ್ಲಿ ಡಗ್ ಅಚಿಸನ್ ಬರೆದು ನಿರ್ದೇಶಿಸಿದ ‘ಅಕೀಲಾ ಅಂಡ್ ದ ಬೀ’ ಎಂಬ ಚಲನಚಿತ್ರವನ್ನು ಮಕ್ಕಳೊಡನೆ ಕುಳಿತು ನೋಡಿದವರು ನಮ್ಮಲ್ಲಿಯೂ ಇದ್ದಾರೆ. ದಕ್ಷಿಣ ಲಾಸ್ ಏಂಜಲೀಸಿನ ಬಡ ಶಾಲೆಯೊಂದರಲ್ಲಿ ಓದುವ, ತಂದೆಯನ್ನು ಕಳೆದುಕೊಂಡ, ಕಪ್ಪು ವರ್ಣೀಯರ ಮನೆಯ ಹನ್ನೊಂದು ವರ್ಷದ ಹುಡುಗಿ ವಾಷಿಂಗ್ಟನ್ನಿನ ರಾಷ್ಟ್ರೀಯ ಪಂದ್ಯದವರೆಗೆ ನಡೆದುಹೋಗುವ ಕಥೆ ಅದು. ಚಿತ್ರದ ಕಥೆ ಕಲ್ಪಿತವಾದರೂ ಅದರ ಬೆನ್ನಿಗಿರುವ ಚರಿತ್ರೆ ಕಲ್ಪಿತವಲ್ಲ. ಆ ಚರಿತ್ರೆಯನ್ನು ಬಲ್ಲವರಿಗೆ ಚಿತ್ರದ ಅರ್ಥವೂ ಹಿಗ್ಗುತ್ತದೆ.

ಇಂಗ್ಲೆಂಡಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಹೊಸ ರಾಷ್ಟ್ರಕ್ಕೆ ಹೊಸ ಬರವಣಿಗೆಯೂ ಬೇಕೆಂದು ನಂಬಿದ್ದ ಶಾಲಾ ಉಪಾಧ್ಯಾಯ ನೋವಾ ವೆಬ್‌ಸ್ಟರ್, 1783ರಲ್ಲಿ ಪಾಠಪುಸ್ತಕವೊಂದನ್ನು ಪ್ರಕಟಿಸಿದನು. ಮುಂದೆ ತನ್ನ ನೀಲಿ ರಟ್ಟಿನಿಂದಲೇ ಜನಜನಿತವಾದ ಆ ಪುಸ್ತಕ, ಒಂದು ಶತಮಾನದುದ್ದಕ್ಕೂ ಬೈಬಲ್ಲಿನ ಪಕ್ಕದಲ್ಲಿ ಸ್ಥಾನ ಪಡೆದು ಹಳ್ಳಿಹಳ್ಳಿಯ ಮನೆಗಳನ್ನು ಹೊಕ್ಕಿತು. ಅದೇ ವೆಬ್‌ಸ್ಟರ್ 1828ರಲ್ಲಿ ತನ್ನ ಮಹಾನಿಘಂಟನ್ನು ಹೊರತಂದನು. ಆತನ ಹೆಸರನ್ನು ಹೊತ್ತ ನಿಘಂಟೇ ಇಂದಿಗೂ ಈ ಪಂದ್ಯದ ಪರಮಪ್ರಮಾಣ. ಒಂದೇ ಪುಸ್ತಕ ಎಲ್ಲರ ಕೈಯಲ್ಲಿದ್ದ ಮೇಲೆ ಸ್ಪರ್ಧೆಗೆ ಕಾರಣ ಬೇಕೆ? ಸುಗ್ಗಿ ಮುಗಿದ ಚಳಿಗಾಲದ ಸಂಜೆಗಳಲ್ಲಿ ಒಂದೇ ಕೋಣೆಯ ಶಾಲೆಯಲ್ಲಿ ಊರವರೆಲ್ಲ ಕೂಡಿ, ಎರಡು ಪಕ್ಷಗಳಾಗಿ ಗೋಡೆಗೆ ಬೆನ್ನುಕೊಟ್ಟು ನಿಲ್ಲುವರು. ಮೇಷ್ಟರು ಪದವನ್ನು ಕೂಗುವರು. ತಪ್ಪಿದವರು ಕುಳಿತುಕೊಳ್ಳಬೇಕು, ಕೊನೆಯವರೆಗೆ ನಿಂತವರು ಗೆದ್ದಂತೆ. ತೆನೆ ಸುಲಿಯುವುದಕ್ಕೂ ಕೌದಿ ಹೊಲಿಯುವುದಕ್ಕೂ ನೆರೆಹೊರೆಯವರು ಕೂಡುತ್ತಿದ್ದ ನಾಡಿನಲ್ಲಿ ಇದೂ ಅಂಥದೇ ಒಂದು ಕೂಟ. ಎಡ್ವರ್ಡ್ ಎಗಲ್‌ಸ್ಟನ್ 1871ರಲ್ಲಿ ಇಂಡಿಯಾನಾದ ಹಳ್ಳಿಮೇಷ್ಟರೊಬ್ಬನನ್ನು ನಾಯಕನನ್ನಾಗಿಸಿ ಬರೆದ ಕಾದಂಬರಿಯಲ್ಲಿ ಇಂಥ ಪಂದ್ಯವೊಂದು ಸವಿಸ್ತಾರವಾಗಿ ಬಂದಿದೆ.

ಹಳ್ಳಿಯ ಈ ಕೂಟ ನಗರದ ರಂಗಮಂದಿರವನ್ನು ಹತ್ತಿದ್ದು 1908ರಲ್ಲಿ. ಆ ವರ್ಷ ರಾಷ್ಟ್ರದ ಶಿಕ್ಷಕರ ಮಹಾಸಭೆ ಕ್ಲೀವ್‌ಲ್ಯಾಂಡ್ ನಗರದಲ್ಲಿ ಕೂಡಿದ್ದಾಗ, ಬೇರೆಬೇರೆ ನಗರಗಳ ಶಾಲಾಮಕ್ಕಳ ತಂಡಗಳ ನಡುವೆ ಸ್ಪರ್ಧೆ ಏರ್ಪಟ್ಟಿತು. ಕ್ಲೀವ್‌ಲ್ಯಾಂಡಿನ ತಂಡದಲ್ಲಿ ಮೇರಿ ಬೋಲ್ಡನ್ ಎಂಬ ಹದಿನಾಲ್ಕು ವರ್ಷದ ಕಪ್ಪು ಬಾಲಿಕೆ ಇದ್ದಳು; ಆಕೆಯ ತಂದೆ ಅಂಚೆ ಹಂಚುವವನು. ಕಪ್ಪು ಮಗುವಿನ ಎದುರಿಗೆ ತಮ್ಮ ಮಕ್ಕಳನ್ನು ನಿಲ್ಲಿಸಲಾರೆವೆಂದು ದಕ್ಷಿಣದ ನ್ಯೂ ಆರ್ಲಿಯನ್ಸ್ ತಂಡದವರು ಆಕ್ಷೇಪ ಎತ್ತಿದರೂ ಕ್ಲೀವ್‌ಲ್ಯಾಂಡಿನವರು ಮಣಿಯಲಿಲ್ಲ. ಮೇರಿ ಒಂದೇ ಒಂದು ತಪ್ಪನ್ನೂ ಮಾಡದೆ ಗೆದ್ದಳು. ಅಕ್ಷರಕ್ಕೆ ಬಣ್ಣವಿಲ್ಲವೆಂಬುದು ಅಂದು ಸಭೆಯ ಸಮಕ್ಷಮದಲ್ಲಿಯೇ ಸಿದ್ಧವಾಯಿತು; ಆದರೆ ಅಕ್ಷರವನ್ನು ಹೇಳಲು ಯಾರನ್ನು ಕರೆಯಬೇಕು, ಯಾರನ್ನು ಕರೆಯಕೂಡದು ಎಂಬ ಪ್ರಶ್ನೆ ಮಾತ್ರ ಉಳಿದುಕೊಂಡಿತು.

ಇಂದಿನ ರಾಷ್ಟ್ರೀಯ ಪಂದ್ಯಕ್ಕೆ 1925ರಲ್ಲಿ ಅಸ್ತಿಭಾರ ಹಾಕಿದವರು ವೃತ್ತಪತ್ರಿಕೆಯವರು. ಲೂಯಿವಿಲ್ ನಗರದ ಪತ್ರಿಕೆಯ ಮುಂದಾಳುತನದಲ್ಲಿ ಒಂಬತ್ತು ಪತ್ರಿಕೆಗಳು ಕೂಡಿ, ತಮ್ಮತಮ್ಮ ಪ್ರಾಂತದ ಗೆದ್ದ ಮಕ್ಕಳನ್ನು ವಾಷಿಂಗ್ಟನ್ನಿಗೆ ಕಳುಹಿಸಿದವು. ಹನ್ನೊಂದು ವರ್ಷದ ಫ್ರಾಂಕ್ ನ್ಯೂಹೌಸರ್ ನಮ್ಮ ಹೂವಿನಂಗಡಿಗಳಲ್ಲಿಯೂ ಕಾಣಸಿಗುವ ಗ್ಲಾಡಿಯೋಲಸ್ ಹೂವಿನ ಹೆಸರನ್ನು ಸರಿಯಾಗಿ ಬಿಡಿಸಿ ಹೇಳಿ, 500 ಡಾಲರಿನ ಚಿನ್ನದ ನಾಣ್ಯಗಳನ್ನು ಬಹುಮಾನವಾಗಿ ಪಡೆದನು. ಅಂದಿನಿಂದ ಮಗುವಿಗೆ ವಾಷಿಂಗ್ಟನ್ನಿನ ದಾರಿ ತೆರೆಯಬೇಕಾದರೆ ಅದರ ಊರಿನ ಪತ್ರಿಕೆಯ ಪ್ರಾಯೋಜನೆ ಬೇಕೆಂಬುದು ಕಟ್ಟಳೆಯಂತಾಯಿತು. ವಿದ್ಯೆ ಮಗುವಿನದಾದರೂ ಬಾಗಿಲ ಕೀಲಿಕೈ ದೊಡ್ಡವರದು.

ಆ ಬಾಗಿಲು ಎಷ್ಟರಮಟ್ಟಿಗೆ ತೆರೆದಿತ್ತೆಂಬುದನ್ನು 1936ರ ಪ್ರಸಂಗವೊಂದು ತೋರಿಸುತ್ತದೆ. ಓಹಾಯೋದ ಏಕ್ರನ್ ಪಟ್ಟಣದ ಮ್ಯಾಕ್‌ನೋಲಿಯಾ ಕಾಕ್ಸ್ ಎಂಬ ಹದಿಮೂರು ವರ್ಷದ ಕಪ್ಪು ಹುಡುಗಿ ತನ್ನ ಪ್ರಾಂತದ ಪಂದ್ಯವನ್ನು ಗೆದ್ದಾಗ, ಊರಿಗೆ ಊರೇ ವಾದ್ಯಗಳೊಡನೆ ರೈಲುನಿಲ್ದಾಣಕ್ಕೆ ಬಂದು ಆಕೆಯನ್ನು ಬೀಳ್ಕೊಟ್ಟಿತು. ರೈಲು ಮೇರಿಲ್ಯಾಂಡಿನ ಗಡಿಯನ್ನು ಮುಟ್ಟಿದೊಡನೆ ತಾಯಿಯೂ ಮಗಳೂ ಎದ್ದು ಕಪ್ಪು ಜನರಿಗೆಂದೇ ಮೀಸಲಾದ ಗಾಡಿಗೆ ಹೋಗಬೇಕಾಯಿತು. ಇತರ ಮಕ್ಕಳು ಇಳಿದುಕೊಂಡ ಹೋಟೆಲಿನಲ್ಲಿ ಇವಳಿಗೆ ಎಡೆಯಿಲ್ಲದೆ, ಕಪ್ಪು ವೈದ್ಯರೊಬ್ಬರ ಮನೆಯಲ್ಲಿ ತಂಗಿದಳು. ಔತಣದ ದಿನ ಉಳಿದವರಿಂದ ಬೇರೆಯಾದ ಮೇಜಿನಲ್ಲಿ ಕುಳಿತಳು. ಇಷ್ಟಾದರೂ ಆ ಹುಡುಗಿ ಕೊನೆಯ ಐವರವರೆಗೆ ಅಚಲವಾಗಿ ನಿಂತಳು. ಆಗ ಅವಳಿಗೆ ಬಂದ ಪದ ‘ನೆಮೆಸಿಸ್’. ಅದು ಗ್ರೀಕ್ ದೇವತೆಯೊಬ್ಬಳ ಹೆಸರು, ಅಂಕಿತನಾಮಗಳಿಗೆ ಪಂದ್ಯದಲ್ಲಿ ಅವಕಾಶವಿಲ್ಲ ಎಂದು ಅವಳ ಊರಿನ ಪತ್ರಿಕೆಯ ಪ್ರತಿನಿಧಿ ಪ್ರತಿಭಟಿಸಿದ್ದು ತೀರ್ಪುಗಾರರ ಕಿವಿಗೆ ಹೋಗಲಿಲ್ಲ. ಕಾಕ್ಸ್ ಐದನೆಯವಳಾಗಿ ಹಿಂದಿರುಗಿದಳು. ಕಾಲೇಜಿಗೆ ಹೋಗಲು ಅನುಕೂಲವಾಗದೆ, ವೈದ್ಯರೊಬ್ಬರ ಮನೆಗೆಲಸದಲ್ಲಿ ಬದುಕನ್ನು ಸವೆಸಿ, 1976ರಲ್ಲಿ ತೀರಿಕೊಂಡಳು.

1941ರಿಂದ ಪಂದ್ಯದ ಆಡಳಿತ ಸ್ಕ್ರಿಪ್ಸ್ ಪತ್ರಿಕಾ ಸಂಸ್ಥೆಯ ವಶಕ್ಕೆ ಬಂದಿತು. ಮಹಾಯುದ್ಧದ ನಿಮಿತ್ತ 1943ರಿಂದ ಮೂರು ವರ್ಷ ನಿಂತಿದ್ದು ಮತ್ತೆ ಮುಂದುವರಿಯಿತು. ತರುವಾಯದ ದೊಡ್ಡ ತಿರುವಿಗೆ ಕಾರಣರಾದವರು ನಮ್ಮ ದೇಶದಿಂದ ಹೋದವರು. 1985ರಲ್ಲಿ ಬಾಲು ನಟರಾಜನ್ ‘ಮಿಲ್ಯೂ’ ಎಂಬ ಪದದಿಂದ ಗೆದ್ದು ಭಾರತೀಯ ಮೂಲದ ಮೊದಲ ವಿಜೇತನೆನಿಸಿದನು. ಭಾರತದ ಬಡ ವಿದ್ಯಾರ್ಥಿಗಳಿಗೆ ಧನಸಹಾಯ ಮಾಡಲೆಂದು ಅಲ್ಲಿಯ ಭಾರತೀಯರು 1989ರಲ್ಲಿ ಸ್ಥಾಪಿಸಿದ ನಾರ್ತ್ ಸೌತ್ ಫೌಂಡೇಷನ್, 1993ರಿಂದ ತನ್ನದೇ ಸ್ಪರ್ಧೆಗಳನ್ನು ನಡೆಸತೊಡಗಿದ ಮೇಲೆ, ಎಳೆಯ ಮಕ್ಕಳಿಗೆ ಮಹಾಪಂದ್ಯಕ್ಕೆ ಮುಂಚೆಯೇ ಮೈಕಿನ ಮುಂದೆ ನಿಂತು ಅಭ್ಯಾಸವಾಗುವಂತಾಯಿತು. 1999ರಲ್ಲಿ ನೂಪುರ್ ಲಾಲಾ ಗೆದ್ದ ಪಂದ್ಯವನ್ನು ಚಿತ್ರಿಸಿದ ‘ಸ್ಪೆಲ್‌ಬೌಂಡ್’ ಎಂಬ ಸಾಕ್ಷ್ಯಚಿತ್ರ ಲೋಕಪ್ರಸಿದ್ಧವಾಯಿತು. ಕರ್ನಾಟಕ ಮೂಲದ ಮನೆತನದ ಕಾವ್ಯಾ ಶಿವಶಂಕರ್ 2009ರಲ್ಲಿಯೂ, ಆಕೆಯ ತಂಗಿ ವನ್ಯಾ 2015ರಲ್ಲಿ ಜಂಟಿಯಾಗಿಯೂ ಪ್ರಶಸ್ತಿ ಪಡೆದು, ಅಕ್ಕತಂಗಿಯರಿಬ್ಬರೂ ವಿಜೇತರಾದ ಅಪೂರ್ವ ಘಟನೆಗೆ ಕಾರಣರಾದರು. 2019ರಲ್ಲಿ ಕಠಿಣ ಪದಗಳೇ ಬರಿದಾದಂತಾಗಿ ಎಂಟು ಮಂದಿಯನ್ನು ಒಟ್ಟಿಗೆ ವಿಜೇತರೆಂದು ಸಾರಬೇಕಾಗಿ ಬಂದಾಗ, ಅವರಲ್ಲಿ ಏಳು ಮಂದಿ ಭಾರತೀಯ ಮೂಲದವರು. ಇದನ್ನು ಜನಾಂಗದ ಹುಟ್ಟುಗುಣವೆಂದು ಬಗೆಯುವುದು ಅವಿವೇಕ. ವಿದ್ಯಾವಂತ ತಂದೆತಾಯಿಗಳು, ಮೊದಲು ಆಡಿದ ಅಣ್ಣ ಅಕ್ಕಂದಿರು, ವಾರಾಂತ್ಯದ ಸ್ಪರ್ಧೆಗಳು, ಪ್ರಯಾಣಕ್ಕೆ ಹಣ, ಇಷ್ಟೂ ಒಂದು ಮಗುವಿನ ಬೆನ್ನಿಗೆ ಒದಗಿದ್ದರ ಫಲ ಅದು.

ಅಚಿಸನ್ನನ ಚಿತ್ರ ಈ ಸೂಕ್ಷ್ಮವನ್ನು ಚೆನ್ನಾಗಿ ಗ್ರಹಿಸಿದೆ. ಅಲ್ಲಿಯ ಅಕೀಲಾ, ಅಪ್ಪಣೆಯ ಪತ್ರಕ್ಕೆ ಸತ್ತ ತಂದೆಯ ರುಜುವನ್ನು ತಾನೇ ಹಾಕುವಳು. ಹಗ್ಗದಾಟದ ತಾಳಕ್ಕೆ ಸರಿಯಾಗಿ ಅಕ್ಷರಗಳನ್ನು ನೆನಪಿನಲ್ಲಿ ಹೊಂದಿಸಿಕೊಳ್ಳುವಳು. ಲಾರೆನ್ಸ್ ಫಿಶ್‌ಬರ್ನ್ ವಹಿಸಿದ ಪ್ರಾಧ್ಯಾಪಕನ ಪಾಠ ನಿಂತುಹೋದ ಮೇಲೆ ತಾಯಿ, ಅಣ್ಣ, ಅಂಗಡಿಯವರು, ಬೀದಿಯ ಪುಂಡನೆನಿಸಿಕೊಂಡವನೂ ಸಹ ಪದಚೀಟಿ ಹಿಡಿದು ಅವಳಿಗೆ ಗುರುಗಳಾಗುವರು. ಅನ್ಯರಿಗೆ ಸಂಪತ್ತು ಒದಗಿಸಿದ್ದನ್ನು ಇವಳಿಗೆ ಕೇರಿ ಒದಗಿಸುತ್ತದೆ. ಕಡೆಗೆ ಅವಳೂ ಅವಳ ಪ್ರತಿಸ್ಪರ್ಧಿ ಡಿಲನ್ನನೂ ಕೂಡಿಯೇ ಗೆಲ್ಲುವುದನ್ನು ಸಿನಿಮೀಯವೆಂದು ಹಳಿಯುವಂತಿಲ್ಲ; 1950, 1957 ಮತ್ತು 1962ರಲ್ಲಿ ನಿಜವಾಗಿಯೂ ಇಬ್ಬಿಬ್ಬರು ಪ್ರಶಸ್ತಿ ಹಂಚಿಕೊಂಡಿದ್ದರು.

ಚಿತ್ರ ತೆರೆಗೆ ಬಂದಾಗ ಜಮೈಕಾ ದ್ವೀಪದ ಜೋಡಿ-ಆನ್ ಮ್ಯಾಕ್ಸ್‌ವೆಲ್ 1998ರಲ್ಲಿ ಗೆದ್ದಿದ್ದಳೇ ಹೊರತು, ಅಮೆರಿಕದ ಕಪ್ಪು ಮಗುವೊಂದು ಈ ರಾಷ್ಟ್ರೀಯ ಪಂದ್ಯದಲ್ಲಿ ಇನ್ನೂ ಗೆದ್ದಿರಲಿಲ್ಲ. ಅದು ನಡೆದದ್ದು ಹದಿನೈದು ವರ್ಷಗಳ ತರುವಾಯ, 2021ರಲ್ಲಿ. ಗೆದ್ದವಳು ಹದಿನಾಲ್ಕು ವರ್ಷದ ಜೈಲಾ ಅವಾಂಗಾರ್ಡ್. ಆಕೆಯ ಊರು ಲೂಯಿಸಿಯಾನಾದ ಹಾರ್ವಿ, 1908ರಲ್ಲಿ ಆಕ್ಷೇಪ ಎತ್ತಿದ ನ್ಯೂ ಆರ್ಲಿಯನ್ಸಿಗೆ ಬರಿಯ ಹೊಳೆಯಾಚೆ. ಗೆಲ್ಲಿಸಿದ ಪದ ‘ಮರಾಯ’, ನಮ್ಮ ಒಗ್ಗರಣೆಯ ಕರಿಬೇವನ್ನು ಸಸ್ಯಶಾಸ್ತ್ರಜ್ಞರು ಸೇರಿಸಿದ್ದ ಕುಲದ ಹೆಸರು. ಮೇರಿಯ ಗೆಲವಿಗೂ ಈ ಗೆಲವಿಗೂ ನಡುವೆ ನೂರಹದಿಮೂರು ವರ್ಷಗಳ ಅಂತರ. ಆ ಅವಧಿಯಲ್ಲಿ ಮಕ್ಕಳಿಗೆ ಬುದ್ಧಿ ಸಾಲದೆ ಹೋಗಿತ್ತೆಂದು ಮ್ಯಾಕ್‌ನೋಲಿಯಾಳನ್ನು ನೆನೆದವರಾರೂ ಹೇಳಲಾರರು. ಪ್ರತಿಭೆಯ ಪರೀಕ್ಷೆಯೆಂದು ನಾವು ಮಕ್ಕಳಿಗೆ ಒಡ್ಡುವ ಪಂದ್ಯಗಳಲ್ಲಿ ಪರೀಕ್ಷೆ ಮೊದಲಾಗುವುದು ದೊಡ್ಡವರದು. ಅವರು ತೇರ್ಗಡೆಯಾದ ಮೇಲೆಯೇ ಮಕ್ಕಳ ಸರದಿ.