ಹವ್ಯಾಸದಿಂದ ಅಂತರಜಾಲದ ಆದಾಯ: ದಾರಿಗಳು ಮತ್ತು ಲೆಕ್ಕಾಚಾರ

ಸಾಸಲು, ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲೊಂದು. ಹೊಲದಲ್ಲಿ ರಾಗಿ, ಮನೆಯಲ್ಲಿ ಹೈನು, ತಾಲ್ಲೂಕು ಕೇಂದ್ರಕ್ಕೆ ಹೋದರೆ ವಿದ್ಯುತ್ ಮಗ್ಗಗಳ ಸದ್ದು. ಈ ಸೀಮೆಯಲ್ಲಿ ಮುಖ್ಯ ಕಸುಬಿನೊಂದಿಗೆ ಇನ್ನೊಂದು ವಿದ್ಯೆಯನ್ನೂ ಕೈಯಲ್ಲಿಟ್ಟುಕೊಂಡವರಿಗೆ ಎಂದೂ ಕೊರತೆಯಿರಲಿಲ್ಲ. ಹಗಲು ಉಳುಮೆ ಮಾಡಿ ರಾತ್ರಿ ಹಾರ್ಮೋನಿಯಂ ಹಿಡಿದು ನಾಟಕ ಕಲಿಸುವವರು, ಮದುವೆಮನೆಯಲ್ಲಿ ಸೋಬಾನೆ ಹಾಡುವವರು, ಬೇಸಿಗೆ ಬಂದರೆ ಮಾಳಿಗೆಯ ಮೇಲೆ ಸಂಡಿಗೆ ಇಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಇಂಥ ವಿದ್ಯೆಗೆ ದೊರೆಯುತ್ತಿದ್ದುದು ಎಲೆಅಡಿಕೆ, ಹೆಚ್ಚೆಂದರೆ ಒಂದು ಶಾಲು. ಅಂತರಜಾಲ ಬಂದ ಮೇಲೆ ಅದಕ್ಕೂ ಬೆಲೆ ಕಟ್ಟುವ ದಾರಿಗಳು ತೆರೆದುಕೊಂಡಿವೆ. ಆ ದಾರಿಗಳು ಯಾವುವು, ಕೈಗೆ ನಿಜವಾಗಿ ಎಷ್ಟು ಬರುತ್ತದೆ, ಎಲ್ಲಿ ಎಡವಬಹುದು ಎಂಬುದರ ವಿವರ ಇಲ್ಲಿದೆ.

ಕನ್ನಡದ ಉದಾಹರಣೆಗಳು

ಕಾಸರಗೋಡು ಸೀಮೆಯ ಸುದರ್ಶನ ಭಟ್ ಬೆದ್ರಡಿ ಅವರ 'ಭಟ್ ಎನ್ ಭಟ್' ವಾಹಿನಿ 2020ರ ಲಾಕ್‌ಡೌನ್ ಕಾಲದಲ್ಲಿ ಬೆಳಕಿಗೆ ಬಂದಿತು. ಮನೆಯ ಹಿತ್ತಿಲಲ್ಲಿ ಒಲೆ ಹೂಡಿ ಊರಿನ ಸಸ್ಯಾಹಾರಿ ಅಡುಗೆಯನ್ನು ಮಾಡಿ ತೋರಿಸುವುದಷ್ಟೇ ಅದರ ಬಂಡವಾಳ. 'ಡಾ. ಬ್ರೋ' ಎಂದೇ ಹೆಸರಾದ ಗಗನ್ ಶ್ರೀನಿವಾಸ್ ಕನ್ನಡದಲ್ಲಿಯೇ ಮಾತನಾಡುತ್ತ ದೇಶವಿದೇಶ ಸುತ್ತಿದರು. ಬಳಿಕ 'ಗೋ ಪ್ರವಾಸ' ಎಂಬ ಪ್ರವಾಸ ಸಂಸ್ಥೆಗೂ ಕೈಹಾಕಿದರು. ಜನಪ್ರಿಯತೆಯನ್ನು ಬೇರೊಂದು ವ್ಯಾಪಾರಕ್ಕೆ ದಾಟಿಸುವ ಈ ಬಗೆ ಕೇವಲ ಜಾಹೀರಾತಿನ ಹಣವನ್ನು ನೆಚ್ಚಿ ಕೂರುವುದಕ್ಕಿಂತ ಭದ್ರವಾದುದು. ಕ್ಯಾಮೆರಾ ಮುಂದೆ ನಿಲ್ಲಲು ಒಲ್ಲದವರಿಗೂ ದಾರಿಯಿದೆ. 2021ರಲ್ಲಿ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರು ವಾಟ್ಸ್‌ಆ್ಯಪ್ ಮೂಲಕ ಹಬ್ಬಿಸಿದ 'ಬಾಕಾಹು', ಅಂದರೆ ಬಾಳೆಕಾಯಿ ಹುಡಿಯ ಪ್ರಯೋಗ, ಕರಾವಳಿ ಮತ್ತು ಮಲೆನಾಡಿನ ಅನೇಕ ಗೃಹಿಣಿಯರಿಗೆ ಮಾರಾಟದ ಅವಕಾಶ ಒದಗಿಸಿತು. ಕತೆ ಬರೆಯುವವರಿಗೆ 2014ರಲ್ಲಿ ಆರಂಭವಾದ 'ಪ್ರತಿಲಿಪಿ', 2020ರಲ್ಲಿ ಬಂದ 'ಮೈಲ್ಯಾಂಗ್' ಮುಂತಾದ ತಾಣಗಳಿವೆ.

ಯೂಟ್ಯೂಬ್ ಲೆಕ್ಕ

ಜಾಹೀರಾತಿನ ಪಾಲು ಪಡೆಯಲು ವಾಹಿನಿಗೆ 1,000 ಚಂದಾದಾರರಿರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಕಿರು ವಿಡಿಯೋಗಳಿಗೆ ಒಂದು ಕೋಟಿ ವೀಕ್ಷಣೆ ಆಗಿರಬೇಕು. ದೀರ್ಘ ವಿಡಿಯೋಗಳ ಜಾಹೀರಾತಿನ ಆದಾಯದಲ್ಲಿ ವಾಹಿನಿಯವರಿಗೆ ಶೇ. 55ರಷ್ಟು ಸಲ್ಲುತ್ತದೆ. ಕಿರು ವಿಡಿಯೋಗಳ ಪಾಲು ಶೇ. 45. ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಹಣ ಬ್ಯಾಂಕಿಗೆ ಬಾರದು. ಕನ್ನಡ ವಿಡಿಯೋಗಳಿಗೆ ಜಾಹೀರಾತಿನ ದರ ಇಂಗ್ಲಿಷಿನಷ್ಟಿಲ್ಲ. ಆದುದರಿಂದ ಲಕ್ಷ ವೀಕ್ಷಣೆ ಎಂದರೆ ಲಕ್ಷ ರೂಪಾಯಿ ಎಂಬ ಊರಿನ ಕಟ್ಟೆಯ ಲೆಕ್ಕವನ್ನು ನಂಬಬಾರದು.

ಹಳ್ಳಿಯಲ್ಲಿರುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಗಳಿಕೆ 10 ಡಾಲರ್ ಮುಟ್ಟಿದಾಗ ಗೂಗಲ್ ಸಂಸ್ಥೆಯು ವಿಳಾಸ ಖಚಿತಪಡಿಸಿಕೊಳ್ಳಲು ಪಿನ್ ಸಂಖ್ಯೆಯುಳ್ಳ ಕಾಗದವನ್ನು ಸಾಧಾರಣ ಅಂಚೆಯಲ್ಲಿ ಕಳುಹಿಸುತ್ತದೆ. ಅದು ತಲುಪಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು. ನಾಲ್ಕು ತಿಂಗಳೊಳಗೆ ಆ ಸಂಖ್ಯೆಯನ್ನು ನಮೂದಿಸದಿದ್ದರೆ ಜಾಹೀರಾತು ನಿಲ್ಲುವ ಸಂಭವವಿದೆ. ಮನೆ ಸಂಖ್ಯೆಯೇ ಇಲ್ಲದ ಊರಿನಲ್ಲಿ ತಂದೆಯ ಹೆಸರು, ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು ಎಲ್ಲವನ್ನೂ ಸರಿಯಾಗಿ ಬರೆದು, ಅಂಚೆಯಣ್ಣನಿಗೆ ಮುಂಚಿತವಾಗಿ ಒಂದು ಮಾತು ಹೇಳಿಡುವುದು ಜಾಣತನ. ಜಗತ್ತನ್ನೇ ಬೆರಳತುದಿಗೆ ತಂದ ಸಂಸ್ಥೆಯ ಹಣವೂ ಕೊನೆಗೆ ಸೈಕಲ್ ಮೇಲೆ ಬರುವ ಕಾಗದಕ್ಕಾಗಿ ಕಾಯಬೇಕು!

ಅಮೆರಿಕದಲ್ಲಿರುವ ಕನ್ನಡಿಗರು ನೋಡಿದ ವೀಕ್ಷಣೆಯಿಂದ ಬಂದ ಹಣಕ್ಕೆ 2021ರಿಂದ ಅಲ್ಲಿನ ತೆರಿಗೆ ಕಡಿತವಾಗುತ್ತಿದೆ. ತೆರಿಗೆ ನಮೂನೆ ತುಂಬಿದವರಿಗೆ ಉಭಯ ದೇಶಗಳ ಒಪ್ಪಂದದಂತೆ ಆ ಭಾಗಕ್ಕೆ ಮಾತ್ರ ಶೇ. 15. ತುಂಬದಿದ್ದವರ ಒಟ್ಟು ಗಳಿಕೆಯ ಮೇಲೆಯೇ ಶೇ. 24ರವರೆಗೆ ಕಡಿತವಾಗಬಹುದು.

ನಾಟಕ ಯಾರದು, ಹಣ ಯಾರಿಗೆ?

ಬಯಲುಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ'ದಂತಹ ಪೌರಾಣಿಕ ನಾಟಕಗಳಿಗೆ ಇಂದಿಗೂ ಜನ ನೆರೆಯುತ್ತಾರೆ. ಇಲ್ಲಿ ಪಾತ್ರಧಾರಿಗೆ ಸಂಭಾವನೆಯಿಲ್ಲ. ಪಾತ್ರಕ್ಕೆ ಅವನೇ ಹಣ ಕಟ್ಟಬೇಕು. ಕೃಷ್ಣ, ದುರ್ಯೋಧನರ ಪಾತ್ರ ಬೇಕೆಂದರೆ ಹೆಚ್ಚು ಹಣ. ಸೀನರಿ, ವೇಷಭೂಷಣ, ಮೇಷ್ಟರ ಗೌರವಧನ ಎಲ್ಲವೂ ಅದರಿಂದಲೇ ಸಾಗುತ್ತವೆ. ರಾತ್ರಿಯಿಡೀ ನಡೆಯುವ ಪ್ರಯೋಗವನ್ನು ಚಿತ್ರೀಕರಿಸಿದವರು ಮರುದಿನವೇ ಯೂಟ್ಯೂಬಿಗೆ ಏರಿಸುತ್ತಾರೆ. ದೀರ್ಘ ವಿಡಿಯೋ ಆದುದರಿಂದ ವೀಕ್ಷಣೆಯ ಗಂಟೆಗಳು ಬೇಗನೆ ಕೂಡುತ್ತವೆ; ಆದರೆ ಆದಾಯ ಸೇರುವುದು ವಾಹಿನಿಯ ಒಡೆಯನ ಖಾತೆಗೆ. ಹಣ ಕಟ್ಟಿ ಕುಣಿದವನಿಗೆ ಸಿಗುವುದು ವಿಡಿಯೋದ ಕೊಂಡಿ ಮಾತ್ರ.

ಕಾನೂನು ಪಾತ್ರಧಾರಿಯ ಪರವಾಗಿಯೇ ಇದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ತಂದ ತಿದ್ದುಪಡಿಯು ಪ್ರದರ್ಶನಕಾರರಿಗೆ ಪ್ರತ್ಯೇಕ ಹಕ್ಕು ನೀಡಿತು. ಅದರ ಅವಧಿ 50 ವರ್ಷ. ಒಪ್ಪಿಗೆಯಿಲ್ಲದೆ ಪ್ರದರ್ಶನವನ್ನು ಮುದ್ರಿಸಿಕೊಂಡು ವ್ಯಾಪಾರಕ್ಕೆ ಬಳಸುವಂತಿಲ್ಲ. ಹೀಗಾಗಿ ತಾಲೀಮಿನ ಹಂತದಲ್ಲಿಯೇ, ಚಿತ್ರೀಕರಣ ಯಾರದು, ಯಾವ ವಾಹಿನಿಗೆ, ಬಂದ ಹಣದಲ್ಲಿ ತಂಡಕ್ಕೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ತಂಡದ ಹೆಸರಿನಲ್ಲಿಯೇ ವಾಹಿನಿ ತೆರೆದರೆ ಇನ್ನೂ ಒಳ್ಳೆಯದು. ಪ್ರೇಕ್ಷಕರ ಒತ್ತಾಯಕ್ಕೆ ನಡುವೆ ಸೇರಿಸುವ ಚಿತ್ರಗೀತೆಗಳ ವಿಷಯದಲ್ಲಿ ಎಚ್ಚರ ಅಗತ್ಯ. ಅದನ್ನು ಯೂಟ್ಯೂಬಿನ ವ್ಯವಸ್ಥೆ ತಾನಾಗಿಯೇ ಗುರುತಿಸಿದರೆ ಜಾಹೀರಾತಿನ ಹಣ ಸಂಗೀತ ಕಂಪನಿಯ ಪಾಲಾಗಬಹುದು.

ಸರಕು ಮಾರುವವರಿಗೆ

ದೊಡ್ಡಬಳ್ಳಾಪುರದ ಸೀರೆಯಿರಲಿ, ಮನೆಯ ಹಪ್ಪಳವಿರಲಿ, ನಿಯಮ ಬೇರೆ. ಆಹಾರ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಕಡ್ಡಾಯ. ಮನೆಯಲ್ಲಿ ಮಾಡಿದ್ದು ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ವಾರ್ಷಿಕ ವಹಿವಾಟು 40 ಲಕ್ಷ ರೂ. ಮೀರದ ಸಣ್ಣ ಮಾರಾಟಗಾರರು 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿಯಿಲ್ಲದೆಯೂ ಇ-ವಾಣಿಜ್ಯ ತಾಣಗಳ ಮೂಲಕ ತಮ್ಮ ರಾಜ್ಯದೊಳಗೆ ಸರಕು ಮಾರಬಹುದು. ಅದಕ್ಕೊಂದು ದಾಖಲಾತಿ ಸಂಖ್ಯೆ ಪಡೆಯಬೇಕು. ಸೇವೆಗಳಿಗೆ ಮಿತಿ 20 ಲಕ್ಷ ರೂ.

2025ರ ಜುಲೈನಲ್ಲಿ ಯುಪಿಐ ಜಮೆಯನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದು, ಅದರಿಂದೆದ್ದ ಗದ್ದಲ ಓದುಗರಿಗೆ ನೆನಪಿರಬಹುದು. ನೆಂಟರ ಕೈಸಾಲ, ಚೀಟಿ ಹಣ, ಸೀರೆ ಮಾರಿದ ಹಣ ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಯಾವುದು ವ್ಯಾಪಾರವೆಂದು ಸಾಬೀತುಪಡಿಸುವ ಹೊಣೆ ಖಾತೆದಾರನ ತಲೆಗೆ ಬರುತ್ತದೆ. ಹವ್ಯಾಸದ ಗಳಿಕೆಗೆ ಮೊದಲ ದಿನದಿಂದಲೇ ಪ್ರತ್ಯೇಕ ಬ್ಯಾಂಕ್ ಖಾತೆಯಿರಲಿ.

ಎಚ್ಚರಿಕೆಗಳು

ಹಣ ಅಥವಾ ಉಡುಗೊರೆ ಪಡೆದು ಯಾವುದೇ ವಸ್ತುವನ್ನು ಹೊಗಳಿದರೆ ಅದು ಜಾಹೀರಾತೆಂದು ವೀಕ್ಷಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ಹಣ ಹೂಡಿ ಆಡುವ ಆನ್‌ಲೈನ್ ಆಟಗಳ ಪ್ರಚಾರವನ್ನಂತೂ ಒಪ್ಪಿಕೊಳ್ಳಲೇಬಾರದು. 2025ರ ಆನ್‌ಲೈನ್ ಗೇಮಿಂಗ್ ಕಾಯಿದೆಯಲ್ಲಿ ಇಂಥ ಜಾಹೀರಾತಿಗೆ ಎರಡು ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂ.ಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

'ಮನೆಯಲ್ಲೇ ಕುಳಿತು ವಿಡಿಯೋ ಮೆಚ್ಚಿದರೆ ಹಣ' ಎಂಬ ಟೆಲಿಗ್ರಾಂ ಸಂದೇಶಗಳದ್ದು ಬೇರೆಯೇ ಕತೆ. ಮೊದಲು ನೂರಿನ್ನೂರು ರೂಪಾಯಿ ಖಾತೆಗೆ ಹಾಕಿ ನಂಬಿಕೆ ಹುಟ್ಟಿಸುತ್ತಾರೆ. ಬಳಿಕ ದೊಡ್ಡ ಗಳಿಕೆಗೆ ಠೇವಣಿ ಕೇಳುತ್ತಾರೆ. ಕೊಟ್ಟ ಹಣ ಹಿಂದಿರುಗುವುದಿಲ್ಲ. ಪ್ರತಿಭೆಗೆ ಹಣ ಕೊಡುವವರು ಮೊದಲು ಹಣ ಕೇಳುವುದಿಲ್ಲ. ಮೋಸ ಹೋದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ದಾಖಲಾದರೆ, ಹಣ ಕೈಬದಲಾಗುವ ಮುನ್ನ ಬ್ಯಾಂಕಿನಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.