ಛಾಯಾಪಟದಲ್ಲಿ ಕಂಡ ಶಿಲ್ಪಲಯ

ತಾಳವೆಂಬುದು ಕಿವಿಗೆ ಮಾತ್ರ ಸಂಬಂಧಿಸಿದುದೆಂದು ಬಗೆಯುವುದು ವಾಡಿಕೆ. ಕಣ್ಣಿಗೂ ಒಂದು ತಾಳವುಂಟೆಂಬುದನ್ನು ಹಳೇಬೀಡಿನ ಹೊಯ್ಸಳೇಶ್ವರಾಲಯದ ಹೊರಭಿತ್ತಿಯ ಮುಂದೆ ನಿಂತವರು ಅರಿಯದಿರಲಾರರು. ವಿಷ್ಣುವರ್ಧನನ ಕಾಲದಲ್ಲಿ, ಕ್ರಿ. ಶ. 1121ರ ಸುಮಾರಿಗೆ, ಅವನ ಅಧಿಕಾರಿಯಾದ ಕೇತಮಲ್ಲನು ಎತ್ತಿಸಿದ ಈ ಅವಳಿ ಶಿವಾಲಯದ ಗೋಡೆಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆಯ ಸವಾರ, ಪುರಾಣಕಥೆ, ಮಕರ, ಹಂಸ ಎಂದು ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ. ಆನೆಗಳ ಸಾಲೊಂದೇ ಸುಮಾರು 710 ಅಡಿ ಉದ್ದವಿದ್ದು, ಅದರಲ್ಲಿ ಎರಡು ಸಾವಿರಕ್ಕೆ ಕಡಮೆಯಿಲ್ಲದ ಆನೆಗಳುಂಟೆಂದು ಜೇಮ್ಸ್ ಫರ್ಗುಸನ್ ಪಂಡಿತನು ಬರೆದಿರುವನು.

ಇಷ್ಟೊಂದು ಆನೆಗಳಿದ್ದರೂ ನೋಡುವವನಿಗೆ ಬೇಸರವೇಕೆ ಹುಟ್ಟದು? ಪಟ್ಟಿಕೆಯ ಎತ್ತರವು ಬದಲಾಗದು, ನಡುವಣ ತೆರಪೂ ಹೆಚ್ಚುಕಡಮೆ ಸಮವೇ. ಆದರೆ ಸೊಂಡಿಲ ಬಾಗು, ಹೆಜ್ಜೆ, ಮೇಲೆ ಕುಳಿತವರ ಭಂಗಿ ಬೇರೆ ಬೇರೆ. ಮದ್ದಳೆಗಾರನು ತಾಳದ ಅಳತೆಯನ್ನು ಮೀರದೆ ಸೊಲ್ಲುಗಳನ್ನು ಬದಲಿಸುವಂತೆಯೇ ಇದು. ಗರ್ಭಗೃಹದ ಹೊರಗೋಡೆ ನಕ್ಷತ್ರಾಕೃತಿಯಿಂದ ಮಡಿಕೆಮಡಿಕೆಯಾಗಿರುವುದರಿಂದ, ಒಂದು ಮುಖಕ್ಕೆ ಬಿಸಿಲು ಬಿದ್ದಾಗ ಮಗ್ಗುಲಿನದು ನೆರಳಾಗುವುದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಬರಬರುತ್ತ ಗಟ್ಟಿಯಾಗುವುದು. ಆದಕಾರಣವೇ ಉಳಿಯು ಅಷ್ಟು ಆಳಕ್ಕೆ ಇಳಿಯಿತು. ಆ ಆಳದ ನೆರಳೇ ಲಯದ ಜೀವ.

ಇದಕ್ಕೆ ಛಾಯಾಪಟಗಳೇ ಸಾಕ್ಷಿ. 1855ರಲ್ಲಿ ಮುಂಬಯಿ ಸರಕಾರದ ಪರವಾಗಿ ಬಿಗ್ಸನು ಐಹೊಳೆ, ಬಾದಾಮಿ, ವಿಜಾಪುರಗಳಲ್ಲಿ ಚಿತ್ರ ತೆಗೆದನು; ಆ ಕೆಲಸವನ್ನು ವೈದ್ಯನಾದ ಪಿಗೊ ಮುಂದುವರಿಸಿದನು; ನೀಲನು ಹಳೇಬೀಡು ಬೇಲೂರುಗಳನ್ನು ಹಿಡಿದನು. ಮೂವರ ಚಿತ್ರಗಳೂ ಧಾರವಾಡ ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಹೊರಬಂದುವು. ಚರಿತ್ರೆಯ ಭಾಗವನ್ನು ಮೆಡೋಸ್ ಟೇಲರನೂ ಶಿಲ್ಪದ ಟಿಪ್ಪಣಿಗಳನ್ನು ಫರ್ಗುಸನ್ನನೂ ಬರೆದರು. ಆ ಪಟಗಳಲ್ಲಿ ಬಣ್ಣವಿಲ್ಲ. ಬೆಳಕು ನೆರಳುಗಳೆರಡೇ ಇವೆ. ಆದರೂ ಪಟ್ಟಿಕೆಗಳ ನಡೆ ಸ್ಪಷ್ಟವಾಗಿ ಕಾಣುವುದು. ಓರೆಬಿಸಿಲಿನಲ್ಲಿ ತೆಗೆದ ಪಟಕ್ಕೂ ನಡುಹಗಲಿನದಕ್ಕೂ ಎಷ್ಟು ಅಂತರವೆಂಬುದನ್ನು ಇಂದಿನ ಛಾಯಾಗ್ರಾಹಕರೂ ಬಲ್ಲರು.

ಮಹೋತ್ಸವದ ನಿಮಿತ್ತವಾಗಿ ಶ್ರೀಮಠದ ಮುಖಮಂಟಪದ ಕೆತ್ತನೆಗಂಬಗಳಿಗೆ ಎಣ್ಣೆಬಣ್ಣ ಬಳಿಸಬೇಕೆಂದು ಕೆಲವು ಭಕ್ತಮಹಾಶಯರು ಅಪೇಕ್ಷಿಸಿರುವರು. ಅವರ ಭಕ್ತಿಗೆ ನನ್ನ ಶರಣು. ಆದರೆ ಬಣ್ಣದ ಮೇಲೆ ಬಣ್ಣವೇರಿದಂತೆ ಉಳಿಯ ಗೆರೆಗಳು ತುಂಬಿ, ಕಲ್ಲಿನ ಮೈ ನುಣುಪಾಗಿ ಮಿಂಚಿ, ನೆರಳು ಅಳಿಸಿಹೋಗುವುದು. ಕಂಬಗಳನ್ನು ಮೆತ್ತನೆಯ ಕುಂಚದಿಂದ ಧೂಳು ಕೊಡವಿ ಹಾಗೆಯೇ ಬಿಡಬೇಕೆಂದು ಶ್ರೀ ಸನ್ನಿಧಿಯಲ್ಲಿ ಬಿನ್ನವಿಸಿದ್ದೇನೆ. ಕಾರ್ತಿಕದ ದೀಪದ ಬೆಳಕಿನಲ್ಲಿ ಅವನ್ನೊಮ್ಮೆ ನೋಡಿದ ಮೇಲೆ ಭಕ್ತರು ತಮ್ಮ ಅಭಿಪ್ರಾಯವನ್ನು ತಿಳಿಸಬಹುದು.