'ಕೇಬಲ್ ತೊಂದರೆ, ಕ್ಷಮಿಸಿ': ಒಂದು ಟೀವಿ ಸ್ಟೇಷನ್ ಲೈಸೆನ್ಸ್ ಕಳಕೊಂಡ ಕತೆ



ಟೀವಿ ಚಾನೆಲ್‌ಗಳ ಬಗ್ಗೆ ಏನಾದ್ರೂ ಬರೆದರೆ ಸಾಕು, ಕೆಳಗೆ ಒಂದು ಕಾಮೆಂಟ್ ಗ್ಯಾರಂಟಿ: "ಇಷ್ಟ ಇಲ್ಲಾಂದ್ರೆ ನೋಡಬೇಡಿ, ರಿಮೋಟ್ ನಿಮ್ಮ ಕೈಲೇ ಇದೆಯಲ್ಲ." ಹಾಗೆ ಹೇಳೋರಿಗಾಗಿ ಇವತ್ತು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್‌ನ ಒಂದು ಸ್ಟೇಷನ್ ಕತೆ. ಸ್ವಲ್ಪ ಉದ್ದ ಇದೆ, ಓದಿ.

ಸ್ಟೇಷನ್ ಹೆಸರು ಡಬ್ಲ್ಯುಎಲ್‌ಬಿಟಿ, ಚಾನೆಲ್ 3. ಶುರುವಾಗಿದ್ದು 1953ರ ಡಿಸೆಂಬರ್‌ನಲ್ಲಿ. ಮಾಲೀಕರು ಲಾಮಾರ್ ಲೈಫ್ ಅನ್ನೋ ಇನ್ಶೂರೆನ್ಸ್ ಕಂಪನಿ. ಅಲ್ಲಿನ ವ್ಯವಸ್ಥೆ ನಮ್ಮ ಸ್ಯಾಟಲೈಟ್ ಚಾನೆಲ್‌ಗಳ ಹಾಗಲ್ಲ. ಎನ್‌ಬಿಸಿ, ಸಿಬಿಎಸ್, ಎಬಿಸಿ ಅನ್ನೋ ದೊಡ್ಡ ನೆಟ್‌ವರ್ಕ್‌ಗಳು ಕಾರ್ಯಕ್ರಮ ಮಾಡಿ ಕಳಿಸ್ತವೆ. ಅದನ್ನು ಊರಿನ ಮನೆಗಳಿಗೆ ತಲುಪಿಸೋದು ಅವುಗಳ ಜೊತೆ ಒಪ್ಪಂದ ಮಾಡಿಕೊಂಡ ಸ್ಥಳೀಯ ಸ್ಟೇಷನ್. ಡಬ್ಲ್ಯುಎಲ್‌ಬಿಟಿ ಮೊದಲ ದಿನದಿಂದ ಎನ್‌ಬಿಸಿ ಬಳಗದ್ದು. ಜಾಕ್ಸನ್‌ನಲ್ಲಿ ಎಬಿಸಿಗೆ ತನ್ನದೇ ಸ್ಟೇಷನ್ ಬರೋ ತನಕ ಅದರ ಕೆಲವು ಕಾರ್ಯಕ್ರಮಗಳನ್ನೂ ಹಾಕ್ತಿತ್ತು.

ಈ ಒಪ್ಪಂದದಲ್ಲಿ ಕಳಿಸೋನು ನ್ಯೂಯಾರ್ಕ್‌ನವನು, ಬಾಗಿಲ ಕೀಲಿ ಮಾತ್ರ ಊರಿನ ಯಜಮಾನನ ಕೈಲಿ. ಬಂದ ಕಾರ್ಯಕ್ರಮ ಬೇಡ ಅನ್ನಿಸಿದರೆ ಅವನು ತಡೀಬಹುದು.

1955ರಲ್ಲಿ ಎನ್‌ಬಿಸಿಯ ಕಾರ್ಯಕ್ರಮವೊಂದರಲ್ಲಿ ವಕೀಲ ಥರ್ಗುಡ್ ಮಾರ್ಷಲ್ ಮಾತಾಡ್ತಿದ್ರು. ಶಾಲೆಗಳಲ್ಲಿ ಬಿಳಿಯ, ಕಪ್ಪು ಮಕ್ಕಳನ್ನು ಬೇರೆ ಬೇರೆ ಕೂರಿಸೋದು ಸಂವಿಧಾನಬಾಹಿರ ಅಂತ ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದವರು. ಜಾಕ್ಸನ್‌ನ ಮನೆಗಳಲ್ಲಿ ಅವರ ಮುಖ ಮಾಯವಾಗಿ "ಕ್ಷಮಿಸಿ, ಕೇಬಲ್ ತೊಂದರೆ" ಅನ್ನೋ ಬೋರ್ಡ್ ಬಂತು. ಕೇಬಲ್‌ಗೆ ಏನೂ ಆಗಿರಲಿಲ್ಲ. ಸ್ಟೇಷನ್ನಿನ ಜನರಲ್ ಮ್ಯಾನೇಜರ್ ಫ್ರೆಡ್ ಬಿಯರ್ಡ್, ಬಿಳಿಯರ ಮೇಲುಗೈ ಉಳಿಸೋಕೆ ಹುಟ್ಟಿದ್ದ ಸಿಟಿಜನ್ಸ್ ಕೌನ್ಸಿಲ್‌ನ ಸದಸ್ಯ. ಕತ್ತರಿಸಿದ್ದು ತಾನೇ ಅಂತ ಆಮೇಲೆ ಜಂಭದಿಂದ ಹೇಳಿಕೊಂಡ.

ಸ್ಟೇಷನ್ ತಲುಪುತ್ತಿದ್ದ ಪ್ರದೇಶದ ಜನಸಂಖ್ಯೆಯಲ್ಲಿ ಸುಮಾರು 45% ಕಪ್ಪು ಜನ. ಅವರ ಕೈಲೂ ಚಾನೆಲ್ ತಿರುಗಿಸೋ ಗುಂಡಿ ಇತ್ತಲ್ಲ! ಏನು ಪ್ರಯೋಜನ?

ಎನ್‌ಎಎಸಿಪಿ ಸಂಘಟನೆಯ ಮೆಡ್ಗರ್ ಎವರ್ಸ್ ವರ್ಷಗಟ್ಟಲೆ ದೂರು ಕೊಟ್ಟರು. ಕೊನೆಗೆ, ಊರಿನ ಮೇಯರ್ ಟೀವಿಯಲ್ಲಿ ಆಡಿದ ಮಾತಿಗೆ ಉತ್ತರ ಕೊಡೋಕೆ 1963ರ ಮೇ 20ರಂದು ಇದೇ ಸ್ಟೇಷನ್ 17 ನಿಮಿಷ ಕೊಡಬೇಕಾಯ್ತು. ಎವರ್ಸ್ ಮುಖ ಊರಿಗೆಲ್ಲ ಗೊತ್ತಾಯ್ತು. 23 ದಿನ ಆದ ಮೇಲೆ, ಜೂನ್ 12ರ ನಡುರಾತ್ರಿ ಕಳೆದ ಹೊತ್ತಲ್ಲಿ, ಅವರದೇ ಮನೆ ಅಂಗಳದಲ್ಲಿ ಗುಂಡಿಟ್ಟು ಕೊಂದರು. ಟೀವಿಯಲ್ಲಿ 17 ನಿಮಿಷ ಸಿಗೋದು ಅಲ್ಲಿ ಸಣ್ಣ ವಿಷಯ ಆಗಿರಲಿಲ್ಲ.

ಆಮೇಲಿನ ಹೋರಾಟದಿಂದ ನಾವು ಕಲಿಯೋದು ಬಹಳ ಇದೆ. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಪಾದ್ರಿ ಎವರೆಟ್ ಪಾರ್ಕರ್ ಭಾಷಣ ಮಾಡಲಿಲ್ಲ, ಲೆಕ್ಕ ಬರೆಸಿದರು. 1964ರ ಮಾರ್ಚ್ 1ರಿಂದ 7ರವರೆಗೆ ಸ್ವಯಂಸೇವಕರು ಟೀವಿ ಮುಂದೆ ಕೂತು, ಪ್ರಸಾರ ಶುರುವಾದಾಗಿನಿಂದ ಮುಗಿಯೋ ತನಕ ಎಲ್ಲ ಬರೆದುಕೊಂಡರು. ಯಾರಿಗೆ ಎಷ್ಟು ಹೊತ್ತು, ಯಾವ ಪದ, ಯಾರ ಮಾತೇ ಇಲ್ಲ. ಅವರ ಹೆಸರು ಗುಟ್ಟಾಗಿಟ್ಟರು. ಗೊತ್ತಾಗಿದ್ದರೆ ಜೀವಕ್ಕೇ ಅಪಾಯ.

ಕಪ್ಪು ಜನರ ಹೆಸರಿನ ಹಿಂದೆ ಮಿಸ್ಟರ್, ಮಿಸೆಸ್ ಅಂತ ಸೇರಿಸ್ತಿರಲಿಲ್ಲ ಅನ್ನೋದೂ ದೂರಿನಲ್ಲಿತ್ತು. ಇದನ್ನು ಓದಿ ನನಗೆ ನಮ್ಮ ಊರುಗಳ ಏಕವಚನ ನೆನಪಾಯ್ತು. ಅರವತ್ತು ದಾಟಿದ ನಮ್ಮ ಅಜ್ಜನಿಗೆ "ಬಾರೋ", ಗೌಡರ ಹತ್ತು ವರ್ಷದ ಮಗನಿಗೆ "ಬನ್ನಿ ಬುದ್ದಿ". ವಿವರಿಸಬೇಕಾ?

ಆ ಲೆಕ್ಕ ಹಿಡಿದು ಲೈಸೆನ್ಸ್ ನವೀಕರಿಸಬೇಡಿ ಅಂತ ಅರ್ಜಿ ಹಾಕಿದರು. ಜೊತೆಗೆ ಸಹಿ ಹಾಕಿದವರು ಔಷಧಿ ಅಂಗಡಿ ನಡೆಸ್ತಿದ್ದ ಎನ್‌ಎಎಸಿಪಿ ನಾಯಕ ಆರನ್ ಹೆನ್ರಿ ಮತ್ತು ಪಾದ್ರಿ ರಾಬರ್ಟ್ ಎಲ್. ಟಿ. ಸ್ಮಿತ್. ಗಮನಿಸಿ, ಎನ್‌ಬಿಸಿಗೆ ಬರೆದುಕೊಂಡು ಕೂರಲಿಲ್ಲ. ಅಲ್ಲಿ ಸರ್ಕಾರ ಲೈಸೆನ್ಸ್ ಕೊಡೋದು ನೆಟ್‌ವರ್ಕಿಗಲ್ಲ, ಸ್ಥಳೀಯ ಸ್ಟೇಷನ್ನಿಗೆ. ಗಾಳಿಯ ಅಲೆಗಳು ಜನರ ಸ್ವತ್ತು, ಸಾರ್ವಜನಿಕ ಹಿತ ಕಾಯ್ತೀನಿ ಅನ್ನೋ ಷರತ್ತಿನ ಮೇಲೆ ಕೊಡೋದು.

ಲೈಸೆನ್ಸ್ ಕೊಡೋ ಎಫ್‌ಸಿಸಿ ಅನ್ನೋ ಆಯೋಗದ ಉತ್ತರ ಏನು ಗೊತ್ತಾ? ನೋಡುಗರಿಗೆ ತಕರಾರು ಮಾಡೋ ಹಕ್ಕೇ ಇಲ್ಲ. ಅಲ್ಲಿವರೆಗೆ ಆ ಹಕ್ಕಿದ್ದದ್ದು ನಷ್ಟ ಆಗೋ ಬೇರೆ ಸ್ಟೇಷನ್ನಿಗೆ ಅಥವಾ ಸಿಗ್ನಲ್ ಅಡ್ಡಬಂದವರಿಗೆ ಮಾತ್ರ. ದುಡ್ಡಿನ ನಷ್ಟ ನಷ್ಟ, ಮಾನದ ನಷ್ಟ ಲೆಕ್ಕಕ್ಕಿಲ್ಲ.

1966ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟು ಆ ಬಾಗಿಲು ಒಡೆಯಿತು: ನೋಡುಗರಿಗೂ ಹಕ್ಕಿದೆ, ವಿಚಾರಣೆ ಮಾಡಿ. ಆಯೋಗ ವಿಚಾರಣೆಯ ಶಾಸ್ತ್ರ ಮುಗಿಸಿ 1968ರಲ್ಲಿ ಮತ್ತೆ ಅದೇ ಕಂಪನಿಗೆ ಕೊಟ್ಟಿತು. 1969ರ ಜೂನ್‌ನಲ್ಲಿ ಅದೇ ಕೋರ್ಟು ಆ ಲೈಸೆನ್ಸನ್ನೇ ರದ್ದು ಮಾಡ್ತು, ಆಯೋಗದ ನಡವಳಿಕೆ ಸರಿಪಡಿಸೋಕಾಗದಷ್ಟು ಕೆಟ್ಟಿದೆ ಅಂದಿತು. ಎರಡೂ ತೀರ್ಪು ಬರೆದವರು ವಾರನ್ ಬರ್ಗರ್. ಕ್ರಾಂತಿಕಾರಿ ಏನಲ್ಲ, ಅದೇ ತಿಂಗಳು ನಿಕ್ಸನ್ ನೇಮಕದಿಂದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದವರು. ಎದುರಿಗೆ ದಾಖಲೆ ಇತ್ತು, ಅಷ್ಟೇ.

1971ರಲ್ಲಿ ಲಾಭಕ್ಕಲ್ಲದ ಒಂದು ಸಂಸ್ಥೆ ತಾತ್ಕಾಲಿಕವಾಗಿ ಸ್ಟೇಷನ್ ನಡೆಸೋಕೆ ಬಂತು. ಮುಂದಿನ ವರ್ಷ ವಿಲಿಯಂ ಡಿಲ್ಡೇ ಜನರಲ್ ಮ್ಯಾನೇಜರ್ ಆದರು. ಬಿಯರ್ಡ್ ಕೂತಿದ್ದ ಕುರ್ಚಿಯಲ್ಲಿ ಒಬ್ಬ ಕಪ್ಪು ಮನುಷ್ಯ! ಹತ್ತು ವರ್ಷ ಎಳೆದಾಡಿ ಕಾಯಂ ಲೈಸೆನ್ಸ್ ಸಿಕ್ಕಿದ್ದು ಆರನ್ ಹೆನ್ರಿ ಅವರಿದ್ದ ಟೀವಿ-3 ಅನ್ನೋ ಕಂಪನಿಗೆ. ಅರ್ಜಿದಾರನೇ ಮಾಲೀಕರಲ್ಲೊಬ್ಬ. ಆಮೇಲೆ ಸ್ಟೇಷನ್ ಕೈಯಿಂದ ಕೈಗೆ ಮಾರಾಟವಾಗಿ, 2019ರಿಂದ ಗ್ರೇ ಅನ್ನೋ ದೊಡ್ಡ ಕಂಪನಿಯದ್ದಾಗಿದೆ. ಇಷ್ಟೆಲ್ಲ ಆದರೂ ಬದಲಾಗದೆ ಉಳಿದಿದ್ದು ಎನ್‌ಬಿಸಿ ನಂಟು. ಬಿಯರ್ಡ್ ಕಾಲದಲ್ಲೂ ಎನ್‌ಬಿಸಿ, ಡಿಲ್ಡೇ ಕಾಲದಲ್ಲೂ ಎನ್‌ಬಿಸಿ.

ನಮ್ಮಲ್ಲಿ? ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಅಂತ ನಮ್ಮ ಸುಪ್ರೀಂ ಕೋರ್ಟೂ 1995ರಲ್ಲೇ ಹೇಳಿದೆ. 2019ರಲ್ಲಿ ಆಕ್ಸ್‌ಫ್ಯಾಮ್ ಮತ್ತು ನ್ಯೂಸ್‌ಲಾಂಡ್ರಿ ದೇಶದ ಸುದ್ದಿಮನೆಗಳ 121 ಮೇಲಿನ ಹುದ್ದೆ ಲೆಕ್ಕ ಹಾಕಿದಾಗ 106 ಸವರ್ಣರದ್ದು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇಲ್ಲ. ಕೇಬಲ್ ತೊಂದರೆ ಅನ್ನೋ ಬೋರ್ಡೂ ಬೇಕಾಗಿಲ್ಲ ಇಲ್ಲಿ.

ನಾನು ಕೇಳ್ತಿರೋದು ಇಷ್ಟು. ಏಳು ದಿನ, ನಾಲ್ಕು ಕನ್ನಡ ನ್ಯೂಸ್ ಚಾನೆಲ್, ರಾತ್ರಿ 7ರಿಂದ 10. ಯಾರು ಮಾತಾಡಿದ್ರು, ಎಷ್ಟು ನಿಮಿಷ, ನಮ್ಮವರ ಸುದ್ದಿ ಬಂದಾಗ ಯಾವ ಪದ, ಯಾವ ವಚನ. ನೋಟ್‌ಬುಕ್ಕು, ಗಡಿಯಾರ ಸಾಕು. ಕೂರೋಕೆ ರೆಡಿ ಇರೋರು ಇನ್‌ಬಾಕ್ಸ್‌ಗೆ ಬನ್ನಿ, ಯಾರ ಹೆಸರನ್ನೂ ಹೊರಗೆ ಹಾಕಲ್ಲ.